ಆಟದ ಜೊತೆ ಮ್ಯಾಂಡರಿನ್: ಮೂರು-ನಾಲ್ಕು ವರ್ಷದ ಮಕ್ಕಳಿಗೆ ಮನೆಯಲ್ಲೇ ಶುರು ಮಾಡುವ ಬಗೆ

ಧಾರವಾಡದಲ್ಲಿ ನಾನು ಒಂದು ಚಿಕ್ಕ ಪ್ಲೇಹೋಮ್ ನಡೆಸುತ್ತೇನೆ. 3ರಿಂದ 5 ವರ್ಷದ 14 ಮಕ್ಕಳು ಬರುತ್ತಾರೆ. ನಮ್ಮ ಮನೆಯವರ ಕೆಲಸದ ಸಲುವಾಗಿ ನಾವು ಕೆಲವು ವರ್ಷ ಚೀನಾದ ಶೆಂಝೆನ್‌ನಲ್ಲಿದ್ದೆವು. ತರಕಾರಿ ತರಲು, ಮಗಳನ್ನು ಅಲ್ಲಿಯ ಶಿಶುವಿಹಾರಕ್ಕೆ ಬಿಡಲು ಹೋಗಿ ಬಂದು ನನಗೆ ಮ್ಯಾಂಡರಿನ್, ಅಂದರೆ ಚೀನಾದ ಮುಖ್ಯ ಭಾಷೆ, ಬಂತು. ಈಗ ಇಲ್ಲಿನ ಮಕ್ಕಳ ಜೊತೆ ದಿನಕ್ಕೆ 10 ನಿಮಿಷ ಆ ಭಾಷೆಯಲ್ಲಿ ಆಡುತ್ತೇನೆ. ಕರೆದುಕೊಂಡು ಹೋಗಲು ಬಂದ ಪಾಲಕರು ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಟೀಚರ್, ಇದನ್ನ ಮನ್ಯಾಗ ನಾವೂ ಮಾಡಬಹುದೇನ್ರಿ?" ಮಾಡಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ದಿನಕ್ಕೆ 10 ನಿಮಿಷ ಆಡಿದರೆ ಮಗು ಮ್ಯಾಂಡರಿನ್‌ನಲ್ಲಿ ಪಟಪಟ ಮಾತಾಡುವುದಿಲ್ಲ. ಮುಂದೆ ಶಾಲೆಯಲ್ಲಿ ಇದು ಸಿಗುತ್ತದೆ ಅನ್ನುವ ಭರವಸೆಯೂ ಕಡಿಮೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿದೇಶಿ ಭಾಷೆಗಳ ಉದಾಹರಣೆ ಕೊಡುವಾಗ ಕೊರಿಯನ್, ಜಪಾನೀ, ಥಾಯ್ ಎಲ್ಲವನ್ನೂ ಹೆಸರಿಸಿದೆ. 2019ರ ಕರಡಿನಲ್ಲಿದ್ದ ಚೀನೀ ಭಾಷೆ ಅದರಲ್ಲಿ ಇಲ್ಲ. ಹಾಗಿದ್ದರೆ ಯಾಕೆ ಕಲಿಸಬೇಕು? ಈ ವಯಸ್ಸಿನ ಕಿವಿ ಎಂಥ ಸ್ವರವನ್ನೂ ಹಿಡಿಯುತ್ತದೆ. ನಾಲಿಗೆಗೆ ನಾಚಿಕೆ ಇಲ್ಲ. ಈಗ ಆಟದಲ್ಲಿ ಕಿವಿಗೆ ಬಿದ್ದಿದ್ದು ಮುಂದೆ ಕಲಿಯಬೇಕು ಅನ್ನಿಸಿದಾಗ ಕೆಲಸಕ್ಕೆ ಬರುತ್ತದೆ. ನನಗೆ ಅಷ್ಟು ಸಾಕು.

ಇನ್ನೊಂದು ಮಾತು, ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಕನ್ನಡದಿಂದ ನೇರವಾಗಿ ಮ್ಯಾಂಡರಿನ್‌ಗೆ ಹೋಗಿ. ನಡುವೆ ಇಂಗ್ಲಿಷ್ ತರಬೇಡಿ. ನಮ್ಮ ಅಕ್ಷರ, ನಮ್ಮ ಬಂಧುಬಳಗದ ಹೆಸರು, ನಮ್ಮ "ಹೂಂ" ಕೂಡ ಆ ಭಾಷೆಗೆ ಇಂಗ್ಲಿಷಿಗಿಂತ ಹತ್ತಿರ ಇವೆ.

ಮೊದಲ ಎರಡು ವಾರ: ನೀವು ಕಲಿಯಿರಿ, ಮಗು ಅಲ್ಲ

ಅಂಗಡಿಯಲ್ಲಿ ಸಿಗುವ ಚೀನೀ ಕಾರ್ಡುಗಳಲ್ಲಿ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಬರಹಕ್ಕೆ ಪಿನ್‌ಯಿನ್ ಅಂತ ಹೆಸರು. ಚೀನಾ ಸರ್ಕಾರ 1958ರಲ್ಲಿ ಅದನ್ನು ಜಾರಿಗೆ ತಂದಿತು. ಅಕ್ಷರ ಇಂಗ್ಲಿಷಿನದು, ಉಚ್ಚಾರ ಇಂಗ್ಲಿಷಿನದಲ್ಲ. ಶೆಂಝೆನ್‌ಗೆ ಹೋದ ಹೊಸದರಲ್ಲಿ ನಾನು ಆ ಕಾರ್ಡು ನೋಡಿ ಅಪ್ಪನಿಗೆ "ಬಾಬಾ" ಅಂತ ಓದುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ತಲೆ ಅಲ್ಲಾಡಿಸಿ, ಒಂದು ತೆಳು ಕಾಗದದ ಪಟ್ಟಿ ಹರಿದು ತಮ್ಮ ಬಾಯಿ ಮುಂದೆ ಹಿಡಿದರು. "ಪಾಪ" ಅಂದರು. ಕಾಗದ ಅಲುಗಲಿಲ್ಲ. ಆಮೇಲೆ ಸೇಬು ಹಣ್ಣು ತೋರಿಸಿ "ಪ್ಹಿಂಗ್‌ಕ್ವೋ" ಅಂದರು. ಕಾಗದ ಪಟ್ ಅಂತ ಹಾರಿತು.

ಆವತ್ತು ನನಗೆ ಹೊಳೆಯಿತು. ಇದು ನಮ್ಮ ಅಲ್ಪಪ್ರಾಣ-ಮಹಾಪ್ರಾಣ ಅಲ್ವಾ! ಪಿನ್‌ಯಿನ್‌ನ ಬಿ ನಮ್ಮ ಪ. ಅದರ ಪಿ ನಮ್ಮ ಪ್ಹ. ಡಿ ಅಂದರೆ ತ, ಟಿ ಅಂದರೆ ಥ. ಜಿ ಅಂದರೆ ಕ, ಕೆ ಅಂದರೆ ಖ. ಜೆ ಅಂದರೆ ಚ, ಕ್ಯೂ ಅಂದರೆ ಛ. ನಾವು ಒಂದನೇ ತರಗತಿಯಲ್ಲಿ ತಿದ್ದಿದ ಕ-ಖ, ಚ-ಛ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತದೆ. (ಫ ಅಂತ ಬರೆದರೆ ಈಗ ಎಲ್ಲರೂ ಫ್ಯಾನಿನ ಫ ಓದುತ್ತಾರೆ, ಅದಕ್ಕೇ ಪ್ಹ ಅಂತ ಬರೆದಿದ್ದೇನೆ.) ಶ ಮತ್ತು ಷ ನಾವು ಬೇರೆ ಬೇರೆ ಬರೆದು ಒಂದೇ ಥರ ಅನ್ನುತ್ತೇವೆ. ಅವರು ಬೇರೆ ಬೇರೆಯಾಗಿಯೇ ಅನ್ನುತ್ತಾರೆ. ಧನ್ಯವಾದ ಅನ್ನುವ ಮಾತು "ಶ್ಯೇಶ್ಯೆ", ಇದು ಶ. ನೀರು "ಷ್ವೇ", ಇದು ನಾಲಿಗೆ ಮಡಚಿದ ಷ.

ಒಂದು ನೋಟ್‌ಬುಕ್ ಮಾಡಿ. ಒಂದೊಂದು ಪದವನ್ನೂ ಕನ್ನಡ ಅಕ್ಷರದಲ್ಲಿ ಬರೆಯಿರಿ. ಪ್ಲೆಕೊ ಅನ್ನುವ ನಿಘಂಟು ಆ್ಯಪ್‌ನಲ್ಲಿ ಪದದ ಉಚ್ಚಾರ ಕೇಳಬಹುದು. ಪ್ರತಿ ಪದವನ್ನೂ ಹತ್ತು ಸಲ ಕೇಳಿ, ಆಮೇಲೆ ಬಾಯಿ ತೆರೆಯಿರಿ. 30 ಪದ ಗಟ್ಟಿಯಾದರೆ ಮೊದಲ ಮೂರು ತಿಂಗಳಿಗೆ ಸಾಕು.

"ಹೂಂ" ಆಟ: ನಾಲ್ಕು ಸ್ವರ

ಮ್ಯಾಂಡರಿನ್ ಅಂದ ಕೂಡಲೇ ಎಲ್ಲರೂ ಹೆದರುವುದು ಇದಕ್ಕೆ. ಒಂದೇ "ಮಾ" ಸ್ವರ ಬದಲಾದರೆ ಅರ್ಥ ಬದಲು. ಎತ್ತರದಲ್ಲಿ ಒಂದೇ ಸಮ ಹಿಡಿದರೆ ಅಮ್ಮ. ಮೇಲಕ್ಕೆ ಏರಿಸಿದರೆ ಸೆಣಬು. ಕೆಳಗೆ ಇಳಿಸಿ ತಗ್ಗಿಸಿದರೆ ಕುದುರೆ. ಮೇಲಿಂದ ಒಮ್ಮೆಲೇ ಕೆಳಗೆ ಹಾಕಿದರೆ ಬೈಯುವುದು. ಇವಲ್ಲದೆ ಭಾರವಿಲ್ಲದ ಮೆಲು ಸ್ವರವೂ ಒಂದಿದೆ.

ಇದನ್ನು ನಾವು ದಿನಾ ಮಾಡುತ್ತೇವೆ, ಗಮನಿಸಿಲ್ಲ ಅಷ್ಟೇ. ಡಾಕ್ಟರು "ಆ ಅನ್ನು ಪುಟ್ಟಾ" ಅಂದಾಗ ಮಗು ಎಳೆಯುವ ಉದ್ದನೆಯ "ಆಆಆ" ಮೊದಲನೇ ಸ್ವರ. ಅಡುಗೆಮನೆಯಿಂದ ಕೂಗಿದಾಗ ಹೊರಗಿನಿಂದ ಕೇಳುವ "ಹಾಂ?" ಎರಡನೇದು. ಬೆಳಗ್ಗೆ ಎಬ್ಬಿಸಿದಾಗ ಹೊದಿಕೆ ಒಳಗಿನಿಂದ ಬರುವ ಗೊಣಗು "ಊಂ..." ಮೂರನೇದು. ಕತೆ ಕೇಳುವಾಗ ಗಟ್ಟಿಯಾಗಿ ಹಾಕುವ "ಹೂಂ!" ನಾಲ್ಕನೇದು.

ಆಟ ಹೀಗೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಮೊದಲನೇ ಸ್ವರಕ್ಕೆ ಕೈ ಚಾಚಿ ವಿಮಾನದ ಹಾಗೆ ಓಡಬೇಕು. ಎರಡನೇದಕ್ಕೆ ಏಣಿ ಹತ್ತಬೇಕು. ಮೂರನೇದಕ್ಕೆ ಕುಕ್ಕರಗಾಲಲ್ಲಿ ಕೂರಬೇಕು. ನಾಲ್ಕನೇದಕ್ಕೆ ಕಾಲಿನಿಂದ ನೆಲ ದಪ್ಪೆಂದು ಗುದ್ದಬೇಕು. ಮೊದಲ ವಾರ ಬರೀ "ಹೂಂ"ನಲ್ಲಿ ಆಡಿ, ಚೀನೀ ಪದ ಬೇಡವೇ ಬೇಡ. ಎರಡನೇ ವಾರ "ಮಾ" ತನ್ನಿ. ಮಕ್ಕಳಿಗೆ ಜಾಸ್ತಿ ಇಷ್ಟ ಆಗುವುದು ನಾಲ್ಕನೇದು. ಕೆಳಗಿನ ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಸ್ವರದ ಎತ್ತರ ಎಷ್ಟಿರಬೇಕು ಅಂತ ಒಬ್ಬ ತಾಯಿ ಕೇಳಿದರು. ಇಷ್ಟೇ ಅಂತ ಇಲ್ಲ. ಅವರವರ ಗಂಟಲಿಗೆ ತಕ್ಕಂತೆ. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬೊಬ್ಬ ಗಾಯಕರ ಷಡ್ಜ ಒಂದೊಂದು ಕಡೆ ಇರುತ್ತದೆ, ರಾಗ ಮಾತ್ರ ಅದೇ. ಇಲ್ಲಿಯೂ ಮುಖ್ಯವಾದದ್ದು ಏರಿಳಿತ. ಸಂಗೀತದ ಕ್ಲಾಸಿಗೆ ಹೋಗುವ ಅಕ್ಕ-ಅಣ್ಣ ಮನೆಯಲ್ಲಿದ್ದರೆ ಅವರನ್ನು ಈ ಆಟಕ್ಕೆ ಗುರು ಮಾಡಿ, ಬೇಗ ಹಿಡಿಯುತ್ತಾರೆ.

ಪಾ, ಪ್ಹಾ ಮತ್ತು ಕೋಳಿ

ಕಾಗದದ ಪಟ್ಟಿಯ ಆಟ ಮಕ್ಕಳಿಗೆ ತುಂಬ ಸೇರುತ್ತದೆ. ಟಿಶ್ಯೂ ಪೇಪರನ್ನು ಬೆರಳಗಲ ಹರಿದು ಒಬ್ಬೊಬ್ಬರ ಕೈಗೆ ಕೊಡಿ. ಬಾಯಿ ಮುಂದೆ ಹಿಡಿದು "ಪಾ" ಅಂದರೆ ಅಲುಗಬಾರದು, "ಪ್ಹಾ" ಅಂದರೆ ಹಾರಬೇಕು. ಇದು ಬಂದ ಮೇಲೆ ಅರ್ಥ ಸೇರಿಸಿ. ಮೊದಲನೇ ಸ್ವರದಲ್ಲಿ "ಪಾ" ಅಂದರೆ ಎಂಟು. ಅದೇ ಸ್ವರದಲ್ಲಿ "ಪ್ಹಾ" ಅಂದರೆ ಬೋರಲು ಮಲಗು. ನೀವು "ಪಾ" ಅಂದಾಗ ಎಂಟು ಬೆರಳು, "ಪ್ಹಾ" ಅಂದಾಗ ಚಾಪೆ ಮೇಲೆ ದಬಕ್ಕನೆ ಹೊಟ್ಟೆ ಕೆಳಗಾಗಿ. ತಪ್ಪಿದವರನ್ನು ಆಟದಿಂದ ಹೊರಗೆ ಹಾಕಬೇಡಿ. ಔಟಾದ ಮಗು ಅಲ್ಲಿಗೆ ಕೇಳುವುದನ್ನೇ ನಿಲ್ಲಿಸುತ್ತದೆ.

ಇದರ ಜೋಡಿ ಇನ್ನೊಂದಿದೆ. "ಚೀ" ಅಂದರೆ ಕೋಳಿ, "ಛೀ" ಅಂದರೆ ಏಳು. ಛೀ ಅನ್ನುವುದು ನಮ್ಮಲ್ಲಿ ಗದರುವ ಮಾತು, ಆದ್ದರಿಂದ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ನಕ್ಕ ಪದ ಮರೆಯುವುದಿಲ್ಲ.

ಬಂಧುಬಳಗ: ಕನ್ನಡದ ಮಗುವಿಗೆ ಸುಲಭ

ಇಂಗ್ಲಿಷಿನಲ್ಲಿ ಅಣ್ಣನೂ ಬ್ರದರ್, ತಮ್ಮನೂ ಬ್ರದರ್. ಮಾಮಾ, ಕಾಕಾ, ದೊಡ್ಡಪ್ಪ ಎಲ್ಲ ಅಂಕಲ್. ಮ್ಯಾಂಡರಿನ್‌ನಲ್ಲಿ ಹಾಗಿಲ್ಲ. ಅಣ್ಣ "ಕಕ" (ಅ ಮತ್ತು ಒ ನಡುವಿನ ದನಿ), ಅಕ್ಕ "ಚ್ಯೆಚ್ಯೆ", ತಮ್ಮ "ತೀತಿ", ತಂಗಿ "ಮೇಮೇ". ಅಪ್ಪನ ತಮ್ಮ, ಅಂದರೆ ಕಾಕಾ, "ಷೂಷು". ಅಪ್ಪನ ಅಣ್ಣ "ಪೋಪೋ". ಅಮ್ಮನ ಅಣ್ಣ-ತಮ್ಮಂದಿರು, ನಮ್ಮ ಸೋದರಮಾವ, "ಚ್ಯೋಚ್ಯೋ". ನಮ್ಮ ಮಗು ಮನೆಯಲ್ಲಿ ಈ ಲೆಕ್ಕವನ್ನೆಲ್ಲ ಕಲಿತೇ ಇರುತ್ತದೆ. ಹೊಸ ಹೆಸರು ಮಾತ್ರ ಅಂಟಿಸಬೇಕು.

ಬೆರಳಿಗೆ ಹಾಕುವ ಬಟ್ಟೆ ಗೊಂಬೆ ಮಾಡಿ. ಇಳಕಲ್ ಸೀರೆಯ ತುಂಡಿನಿಂದ ಅಜ್ಜಿ, ಬಿಳಿ ಟೊಪ್ಪಿಗೆ ಹಾಕಿ ಅಜ್ಜ. ಒಂದು ವಾರಕ್ಕೆ ಎರಡೇ ಗೊಂಬೆ ಹೊರಗೆ ಬರಲಿ. ಅಕ್ಕ ತಮ್ಮನನ್ನು ಕರೆಯುವುದು, ತಮ್ಮ ಬರದೇ ಅಡಗುವುದು, ಇಷ್ಟೇ ಕತೆ.

ಇಲ್ಲೊಂದು ಎಚ್ಚರ. ಅಪ್ಪನ ಅಮ್ಮನಿಗೆ ಅವರು "ನಾಯ್‌ನಾಯ್" ಅನ್ನುತ್ತಾರೆ. ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಮನೆಗೆ ಹೋಗಿ, ಊಟಕ್ಕೆ ಕೂತ ಅಜ್ಜಿಯ ಮುಂದೆ ನಿಂತು ಪ್ರೀತಿಯಿಂದ ಹಾಗೆ ಕರೆದ. ಮರುದಿನ ಅಜ್ಜಿಯೇ ಬಂದರು. "ಯಾಕ್ರಿ ಟೀಚರ್, ಹುಡುಗಗ ನನಗ ನಾಯಿ ಅನ್ನಾಕ ಕಲಿಸೀರಿ?" ಅಂತ ಕೇಳಿದಾಗ ಅವರ ಕಣ್ಣಲ್ಲಿ ನೀರಿತ್ತು. ಕೂರಿಸಿ, ಚಾ ಕೊಟ್ಟು, ವಿವರಿಸಿದೆ. ಸಮಾಧಾನ ಆದರು. ಆದರೆ ಮೊದಲೇ ಹೇಳಬೇಕಿತ್ತು. ಆಮೇಲಿಂದ ನಾನು ಹೊಸ ಪದ ಕಲಿಸುವ ದಿನ ಪಾಲಕರಿಗೆ ವಾಟ್ಸ್ಆ್ಯಪ್‌ನಲ್ಲಿ ಅರ್ಥ ಬರೆದು ಕಳಿಸುತ್ತೇನೆ. "ಮಾಮ" ಅಂದರೆ ಅಲ್ಲಿ ಅಮ್ಮ, ಸೋದರಮಾವ ಅಲ್ಲ. ಇದನ್ನೂ ಹೇಳಿಬಿಡಿ.

ಎಣಿಕೆ: ಕುಂಟಾಬಿಲ್ಲೆ ಸಾಕು

ಅಂಗಳದಲ್ಲಿ ಸೀಮೆಸುಣ್ಣದಿಂದ ಕುಂಟಾಬಿಲ್ಲೆಯ ಮನೆ ಬರೆಯಿರಿ. ಜಿಗಿಯುತ್ತ ಎಣಿಸುವುದು: ಈ, ಅರ್, ಸಾನ್, ಸ್ಸ, ವೂ, ಲ್ಯೋ, ಛೀ, ಪಾ, ಚ್ಯೋ, ಷ. ಸ್ವರವನ್ನು ಆ್ಯಪ್‌ನಲ್ಲಿ ಕೇಳಿಕೊಂಡು ಸರಿ ಮಾಡಿಕೊಳ್ಳಿ. "ಅರ್" ಅಂದರೆ ಎರಡು. ಮೊದಲ ಕೆಲವು ದಿನ ಮಕ್ಕಳು ನಮ್ಮ ಆರು ಅಂದುಕೊಂಡು ಆರನೇ ಮನೆಗೆ ಓಡುತ್ತಾರೆ. ಸುಮ್ನೆ ಬಿಡಿ, ತಾವೇ ಸರಿಮಾಡಿಕೊಳ್ಳುತ್ತಾರೆ.

ಚೀನಾದವರು ಒಂದೇ ಕೈಯಲ್ಲಿ ಹತ್ತರವರೆಗೆ ತೋರಿಸುತ್ತಾರೆ. ಐದರವರೆಗೆ ನಮ್ಮ ಹಾಗೇ. ಆರಕ್ಕೆ ಹೆಬ್ಬೆರಳು, ಕಿರುಬೆರಳು ಎರಡೇ ಚಾಚಿ ಉಳಿದದ್ದು ಮಡಚುವುದು. ಏಳಕ್ಕೆ ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳಿನ ತುದಿ ಕೂಡಿಸುವುದು, ಚಿಟಿಕೆ ಉಪ್ಪು ತೆಗೆದ ಹಾಗೆ. ಎಂಟಕ್ಕೆ ಹೆಬ್ಬೆರಳು, ತೋರುಬೆರಳು ಬಿಡಿಸಿ ಹಿಡಿಯುವುದು. ಒಂಬತ್ತಕ್ಕೆ ತೋರುಬೆರಳನ್ನು ಕೊಕ್ಕೆ ಮಾಡುವುದು. ಹತ್ತಕ್ಕೆ ಎರಡು ತೋರುಬೆರಳು ಅಡ್ಡ ಇಡುವುದೂ ಉಂಟು, ಬರೀ ಮುಷ್ಟಿ ಹಿಡಿಯುವುದೂ ಉಂಟು. ಈ ಬೆರಳಾಟವನ್ನು ಮಕ್ಕಳು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ತಾವೇ ಆಡುತ್ತಾರೆ.

ಹತ್ತು ಬಂದರೆ 99ರವರೆಗೆ ಬಂದ ಹಾಗೆ. ಹನ್ನೊಂದು ಅಂದರೆ "ಷ-ಈ", ಹತ್ತು-ಒಂದು. ಇಪ್ಪತ್ತು "ಅರ್-ಷ", ಎರಡು-ಹತ್ತು. ಹನ್ನೊಂದು, ಹನ್ನೆರಡಕ್ಕೆ ಎಡವುವ ಮಗು ಇಲ್ಲಿ ಎಡವುವುದಿಲ್ಲ. ನನ್ನ ಅನುಭವದಲ್ಲಿ ಇದರಿಂದ ಅವರಿಗೆ ಹತ್ತರ ಕಟ್ಟು ಅಂದರೇನು ಅನ್ನುವುದೂ ತಿಳಿಯುತ್ತದೆ.

ಚಾದಂಗಡಿ

ನನಗೆ ತುಂಬ ಪ್ರೀತಿಯ ಆಟ ಇದು. ನಮ್ಮ ಕಡೆ "ಚಾ" ಅನ್ನುತ್ತೇವೆ. ಮ್ಯಾಂಡರಿನ್‌ನಲ್ಲಿ "ಛಾ", ಎರಡನೇ ಸ್ವರ, ಏರಿಸಿ. ಚಾ, ಚಹಾ, ಚಾಯ್ ಎಲ್ಲದರ ಬೇರು ಆ ಚೀನೀ ಪದವೇ. ಇನ್ನೊಂದು ಪದವನ್ನು ಕಲಿಸಲೇಬೇಕಿಲ್ಲ. "ನೀ" ಅಂದರೆ ಅಲ್ಲಿಯೂ ನೀ! ಇದು ಬರೀ ಕಾಕತಾಳೀಯ, ಎರಡು ಭಾಷೆಗೂ ನಂಟಿಲ್ಲ. ಆದರೆ ಮಗುವಿಗೆ ಒಂದು ಪದ ಉಡುಗೊರೆ ಸಿಕ್ಕಿತು ಅಲ್ವಾ.

ಕಪ್ಪು-ಬಸಿ, ಒಂದು ಹಳೇ ಕೆಟಲ್, ಚುರಮುರಿ ತುಂಬಿದ ಬುಟ್ಟಿ ಇಡಿ. ಕೆಟಲ್‌ನಲ್ಲಿ ನೀರಿರಲಿ. ಒಬ್ಬರು ಅಂಗಡಿಯವರು. ಗಿರಾಕಿಗೆ ಕೇಳುವುದು: "ನೀ ಹ ಛಾ ಮ?" ಇಲ್ಲಿ "ಹ" ಅಂದರೆ ಕುಡಿ. ಕೊನೆಯ "ಮ" ನಮ್ಮ "ಏನ" ಇದ್ದ ಹಾಗೆ. "ನೀ ಚಾ ಕುಡೀತಿ ಏನ?" ಕೊನೆಗೊಂದು ಸದ್ದು ಸೇರಿಸಿದರೆ ಪ್ರಶ್ನೆ ಆಯಿತು, ನಮ್ಮಂತೆಯೇ. ಉತ್ತರವೂ ನಮ್ಮಂತೆಯೇ, ಕ್ರಿಯಾಪದ ಹೇಳಿದರೆ ಸಾಕು. ಕುಡಿಯುತ್ತೇನೆ ಅಂದರೆ "ಹ". ಒಲ್ಲೆ ಅಂದರೆ "ಪೂ ಹ". ಮೂರು ವರ್ಷದವರಿಗೆ "ಪೂ ಹ" ಬಲು ಬೇಗ ಬರುತ್ತದೆ! ಕೊಟ್ಟ ಮೇಲೆ "ಶ್ಯೇಶ್ಯೆ". ಎರಡು ವಾರ ಇದನ್ನೇ ಆಡಿ. ಆಮೇಲೆ ಛಾ ಜಾಗದಲ್ಲಿ ಷ್ವೇ ಇಡಿ. ವಾಕ್ಯ ಅದೇ, ಪದ ಒಂದೇ ಬದಲು.

ಬಣ್ಣ, ಎತ್ತು, ಕಡ್ಡಿ

ಬಣ್ಣಕ್ಕೆ ಅಡುಗೆಮನೆ ನೋಡಿ. ಅರಿಶಿನ ತೋರಿಸಿ "ಹ್ವಾಂಗ್", ಹಳದಿ. ಜೋಳದ ಹಿಟ್ಟಿಗೆ "ಪಾಯ್", ಬಿಳಿ. ಕೆಂಪಿಗೆ, ಅಂದರೆ "ಹೊಂಗ್"ಗೆ, ಬ್ಯಾಡಗಿ ಮೆಣಸಿನಕಾಯಿಗಿಂತ ಚಂದದ್ದು ಯಾವುದಿದೆ? ಆದರೆ ಅದನ್ನು ಮುಚ್ಚಿದ ಗಾಜಿನ ಡಬ್ಬಿಯಲ್ಲಿ ತೋರಿಸಿ. ಮಕ್ಕಳ ಕೈ ನೇರ ಕಣ್ಣಿಗೆ ಹೋಗುತ್ತದೆ. ಹಸಿರಿನ ಪದ ಕಷ್ಟ, ಸೀಟಿ ಹಾಕುವ ಹಾಗೆ ತುಟಿ ಮಾಡಿ "ಈ" ಅನ್ನಬೇಕು. ಅದನ್ನು ಮುಂದಕ್ಕೆ ಹಾಕಿ.

ಪ್ರಾಣಿಗಳಲ್ಲಿ ಬೆಕ್ಕು "ಮಾವ್", ಅದರ ಕೂಗೇ ಹೆಸರು. ಎತ್ತು, ಆಕಳು ಎರಡಕ್ಕೂ "ನ್ಯೋ", ಏರಿಸಿ. ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಎಲ್ಲರ ಮನೆಯಲ್ಲೂ ಮಣ್ಣಿನ ಎತ್ತು ಇರುತ್ತದೆ. ಆ ವಾರ ಮಕ್ಕಳು ತಾವೇ ಮಣ್ಣು ಕಲಸಿ ಜೋಡೆತ್ತು ಮಾಡಲಿ, ನ್ಯೋ ಅಲ್ಲಿ ಕಲಿಯಲಿ. ಚೀನಾದಲ್ಲೂ ವರ್ಷಗಳಿಗೆ ಪ್ರಾಣಿಗಳ ಹೆಸರಿದೆ, 12 ವರ್ಷಕ್ಕೊಂದು ಸುತ್ತು. 2021 ಎತ್ತಿನ ವರ್ಷ, 2022 ಹುಲಿ, 2023 ಮೊಲ. ಅವರ ವರ್ಷ ಜನವರಿ 1ಕ್ಕೆ ಶುರುವಾಗುವುದಿಲ್ಲ, ನಮ್ಮ ಯುಗಾದಿಯ ಹಾಗೆ ಚಂದ್ರನ ಲೆಕ್ಕ. ಆದ್ದರಿಂದ ಜನವರಿ-ಫೆಬ್ರವರಿಯಲ್ಲಿ ಹುಟ್ಟಿದವರ ಪ್ರಾಣಿಯನ್ನು ನೋಡಿ ಹೇಳಿ.

ಬರೆಸಬೇಡಿ. ಐಸ್‌ಕ್ರೀಮ್ ಕಡ್ಡಿ ಜೋಡಿಸಬಹುದು. ಒಂದು ಅಡ್ಡ ಕಡ್ಡಿ ಇಟ್ಟರೆ ಅವರ ಒಂದು. ಎರಡು ಇಟ್ಟರೆ ಎರಡು, ಮೂರಿಟ್ಟರೆ ಮೂರು. ಚೌಕ ಮಾಡಿದರೆ ಬಾಯಿ. ಇಷ್ಟೇ ಸಾಕು.

ಮೊಬೈಲ್ ಮಗುವಿನ ಕೈಗೆ ಬೇಡ

"ಯೂಟ್ಯೂಬ್‌ನಾಗ ಹಚ್ಚಿಕೊಟ್ಟರ ಆಗೂದಿಲ್ಲೇನ್ರಿ?" ಅಂತ ತುಂಬ ಜನ ಕೇಳುತ್ತಾರೆ. 2003ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿದ್ದರು, ಅದೂ ಮ್ಯಾಂಡರಿನ್‌ನಲ್ಲಿ. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳ ಜೊತೆ ಮ್ಯಾಂಡರಿನ್ ಮಾತಾಡುವವರು 12 ಸಲ ಕೂತು ಪುಸ್ತಕ ಓದಿದರು, ಆಟಿಕೆ ಆಡಿಸಿದರು. ಆ ಕೂಸುಗಳು ಮ್ಯಾಂಡರಿನ್‌ನ ಸದ್ದುಗಳ ವ್ಯತ್ಯಾಸ ಹಿಡಿದವು. ಅದೇ ಮಾತನ್ನು ಬರೀ ವಿಡಿಯೊದಲ್ಲಿ ಅಥವಾ ಧ್ವನಿಮುದ್ರಣದಲ್ಲಿ ಕೇಳಿದ ಕೂಸುಗಳು ಹಿಡಿಯಲಿಲ್ಲ. ನಮ್ಮ ಮಕ್ಕಳು ಅವಕ್ಕಿಂತ ದೊಡ್ಡವರು, ನಿಜ. ಆದರೂ ನಾನು ದಿನಾ ನೋಡುವುದು ಇದನ್ನೇ. ಮುಖ ನೋಡಿ, ಕೈ ಹಿಡಿದು ಆಡಿದ ಪದ ಉಳಿಯುತ್ತದೆ.

ಅತಿಥಿಗಳ ಮುಂದೆ "ಚೀನೀ ಮಾತಾಡಿ ತೋರ್ಸು" ಅನ್ನಬೇಡಿ. ತಪ್ಪಿದರೆ "ಹಂಗಲ್ಲ" ಅನ್ನಬೇಡಿ, ಸರಿಯಾದದ್ದನ್ನು ನೀವು ಇನ್ನೊಮ್ಮೆ ಅಂದು ಆಟ ಮುಂದುವರಿಸಿ. ಕನ್ನಡದ ಕತೆ, ಲಾಲಿ, ಒಗಟು ಯಾವುದರ ಸಮಯವನ್ನೂ ಇದಕ್ಕಾಗಿ ಕಿತ್ತುಕೊಳ್ಳಬೇಡಿ. ಕನ್ನಡ ಗಟ್ಟಿಯಿದ್ದ ಮಗುವಿಗೆ ಮೇಲೆ ಹೇಳಿದ್ದೆಲ್ಲ ದಕ್ಕುತ್ತದೆ.

ಕೆಲವರು ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ. ನಮ್ಮಲ್ಲೊಬ್ಬ ಹುಡುಗಿ ಜೂನ್‌ನಲ್ಲಿ ಸೇರಿದವಳು ದಸರೆಯವರೆಗೆ ಒಂದು ಪದವನ್ನೂ ಅನ್ನಲಿಲ್ಲ. ಆದರೆ "ಪ್ಹಾ" ಅಂದಾಗ ಎಲ್ಲರಿಗಿಂತ ಮೊದಲು ಮಲಗುತ್ತಿದ್ದವಳು ಅವಳೇ. ಒಂದು ಮಧ್ಯಾಹ್ನ ನೀರಿನ ಲೋಟ ಎತ್ತಿಕೊಂಡು ನನ್ನ ಬಳಿ ಬಂದು "ನೀ ಹ ಷ್ವೇ ಮ?" ಅಂತ ಕೇಳಿದಳು. ನಾನು ಕುಡಿದೆ. ಬಾಯಲ್ಲಿ ಬರುತ್ತಿಲ್ಲ ಅಂದರೆ ತಲೆಗೆ ಹೋಗಿಲ್ಲ ಅಂತ ತಿಳಿಯಬೇಡಿ.

ಆರು ತಿಂಗಳಾದ ಮೇಲೆ ಮಗು ತಾನಾಗಿ ಇನ್ನೂ ಬೇಕು ಅಂದರೆ, ಮ್ಯಾಂಡರಿನ್ ಮನೆಮಾತಾಗಿರುವ ಯಾರಾದರೂ ಒಬ್ಬರನ್ನು ಹುಡುಕಿ. ನಮ್ಮ ಊರಲ್ಲಿ ಸಿಗುವುದು ಕಷ್ಟ, ವಿಡಿಯೊ ಕರೆಯಲ್ಲಿ ಸಿಗುತ್ತಾರೆ. ಆ ಕಡೆ ಒಬ್ಬ ಮನುಷ್ಯ ಇದ್ದು ಮಗುವಿನ ಮಾತಿಗೆ ಉತ್ತರ ಕೊಡುವುದರಿಂದ ಸುಮ್ಮನೆ ವಿಡಿಯೊ ನೋಡಿದ ಹಾಗಲ್ಲ. ನೀವೂ ಪಕ್ಕದಲ್ಲೇ ಕೂರಬೇಕು. ವಾರಕ್ಕೆ ಎರಡು ಸಲ, 15 ನಿಮಿಷ. ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ಸಂಜೆ 4 ಆದಾಗ ಅಲ್ಲಿ 6.30, ರಾತ್ರಿ ಊಟದ ಹೊತ್ತು. ನಾವು ಶೆಂಝೆನ್‌ನ ಆ ಪಕ್ಕದ ಮನೆಯವರ ಜೊತೆ ಮಾತಾಡುವುದು ಮಧ್ಯಾಹ್ನ 3ಕ್ಕೆ, ಮಕ್ಕಳು ಮಲಗಿ ಎದ್ದ ಮೇಲೆ.